42 ಡಿಗ್ರಿ ಕೋಣೆಯಲ್ಲಿ ಓವರ್‌ಕ್ಲಾಕಿಂಗ್: ಕಲಬುರಗಿ ಬೇಸಿಗೆಗೆ ವೋಲ್ಟೇಜ್ ಮತ್ತು ತಾಪದ ಲೆಕ್ಕ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯಲ್ಲ. 43, 44 ಆದ ದಿನ ಮಾತ್ರ ಜನ ಬಿಸಿಲಿನ ಮಾತೆತ್ತುತ್ತಾರೆ. ಆದರೆ ಗೇಮ್ ಆಡುವ, ವಿಡಿಯೊ ಎಡಿಟ್ ಮಾಡುವ, ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ರಾತ್ರಿಯಿಡೀ ಸಿಮ್ಯುಲೇಷನ್ ಓಡಿಸುವ ಕಂಪ್ಯೂಟರಿಗೆ ಬೇಸಿಗೆ ವೇಳಾಪಟ್ಟಿ ಇಲ್ಲ. ಮದುವೆ ಸೀಜನ್ ಏಪ್ರಿಲ್–ಮೇನಲ್ಲೇ ಬರುವುದರಿಂದ ಫೋಟೊ ಸ್ಟುಡಿಯೊಗಳ ಯಂತ್ರಗಳಿಗೆ ವರ್ಷದ ಅತಿ ಹೆಚ್ಚು ದುಡಿಮೆ ಬೀಳುವುದೂ ಆಗಲೇ.

ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವ, ಅಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು 20ರಿಂದ 25 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಅಲ್ಲಿನ ಅಂಕಿಗಳನ್ನು ಹಾಗೇ ತಂದು ಹಾಕಿದರೆ ಜನವರಿಯಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆ, ಮೇ ತಿಂಗಳಲ್ಲಿ ನೀಲಿ ಪರದೆ ಬರುತ್ತದೆ. ಕಲಬುರಗಿಯಲ್ಲಿ ವೇಗದ ಮಿತಿಯನ್ನು ಮೇ ತಿಂಗಳ ಲೆಕ್ಕಕ್ಕೆ ಕಟ್ಟಬೇಕು. ಹಾಗೆ ಕಟ್ಟಹೊರಟವರು ವೋಲ್ಟೇಜ್ ಏರಿಸುವುದಕ್ಕಿಂತ ಮೊದಲು ಇಳಿಸುವುದನ್ನು ಕಲಿಯಬೇಕು.

ಗಡಿಯಾರವನ್ನು ಮುಂದೆ ತಳ್ಳುವುದು

ಪ್ರೊಸೆಸರ್ ಒಂದು ತಾಳಕ್ಕೆ ಕೆಲಸ ಮಾಡುತ್ತದೆ. 4.8 ಗಿಗಾಹರ್ಟ್ಜ್ ಎಂದರೆ ಸೆಕೆಂಡಿಗೆ 480 ಕೋಟಿ ತಾಳ. ಎರಡು ತಾಳಗಳ ನಡುವಿನ ಚೂರು ಸಮಯದಲ್ಲಿ ಸಂಕೇತವು ಸಾಲು ಟ್ರಾನ್ಸಿಸ್ಟರುಗಳನ್ನು ದಾಟಿ ಮುಂದಿನ ನಿಲ್ದಾಣ ಸೇರಬೇಕು. ತಾಳ ಬಿರುಸಾದರೆ ಆ ಸಮಯ ಕಡಿಮೆಯಾಗುತ್ತದೆ. ಸಂಕೇತ ತಲುಪುವ ಮೊದಲೇ ಮುಂದಿನ ತಾಳ ಬಿದ್ದರೆ ಲೆಕ್ಕ ತಪ್ಪುತ್ತದೆ, ಕಂಪ್ಯೂಟರ್ ಕೈಕೊಡುತ್ತದೆ. ಟ್ರಾನ್ಸಿಸ್ಟರುಗಳು ಬೇಗ ತೆರೆದು ಮುಚ್ಚಬೇಕಾದರೆ ಅವಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಓವರ್‌ಕ್ಲಾಕಿಂಗ್‌ನಲ್ಲಿ ವೋಲ್ಟೇಜಿನ ಮಾತು ಬರುವುದು ಈ ಕಾರಣಕ್ಕೆ.

ಒಂದು ಕಾಲಕ್ಕೆ ಇದರಲ್ಲಿ ನಿಜವಾದ ಲಾಭವಿತ್ತು. 1998ರ ಸೆಲೆರಾನ್ 300ಎ ಪ್ರೊಸೆಸರಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಜ್‌ಗೆ ಏರಿಸಿದರೆ 300 ಮೆಗಾಹರ್ಟ್ಜ್ ಚಿಪ್ 450ಕ್ಕೆ ಓಡುತ್ತಿತ್ತು. ಅಗ್ಗದ ದುಡ್ಡಿಗೆ ದುಬಾರಿ ಚಿಪ್ಪಿನ ಕೆಲಸ. ಈಗ ಆ ಉಳಿಕೆಯನ್ನು ಕಾರ್ಖಾನೆಯೇ ಟರ್ಬೊ, ಬೂಸ್ಟ್ ಎಂಬ ಹೆಸರಿನಲ್ಲಿ ಹಿಂಡಿ ತೆಗೆದಿರುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಚಿಪ್‌ಗಳು ಮಾತ್ರ ತೆರೆದಿರುತ್ತವೆ, ಅವಕ್ಕೂ ಜೆಡ್ ಸರಣಿಯ ಮದರ್‌ಬೋರ್ಡ್ ಬೇಕು. ಎಎಂಡಿ ರೈಜೆನ್‌ಗಳಲ್ಲಿ ಹೆಚ್ಚಿನವು ತೆರೆದಿವೆ. ಉಳಿದಿರುವ ಲಾಭ ಶೇಕಡ ಐದೋ ಎಂಟೋ ಅಷ್ಟೆ. ಅದಕ್ಕಾಗಿ ತೆರುವ ಬೆಲೆ ಎಷ್ಟೆಂದು ಮೊದಲೇ ತಿಳಿದಿರಬೇಕು.

ವೋಲ್ಟೇಜಿನ ವರ್ಗ

ಚಿಪ್ ಕೆಲಸ ಮಾಡುವಾಗ ಹೊರಹಾಕುವ ಶಾಖ ಆವರ್ತನಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ವೋಲ್ಟೇಜಿಗಾದರೆ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. 1.20 ವೋಲ್ಟಿನಲ್ಲಿ 4.8 ಗಿಗಾಹರ್ಟ್ಜ್‌ಗೆ ಓಡುವ ಚಿಪ್ 140 ವ್ಯಾಟ್ ತಿನ್ನುತ್ತಿದೆ ಎನ್ನಿ. ಅದನ್ನು 5.2ಕ್ಕೆ ಒಯ್ಯಲು 1.35 ವೋಲ್ಟ್ ಬೇಕಾಯಿತು. ವೇಗ ಏರಿದ್ದು ಶೇಕಡ 8ರಷ್ಟು. ವೋಲ್ಟೇಜ್ ಏರಿದ್ದು ಶೇಕಡ 12.5, ಅದರ ವರ್ಗವನ್ನು ಹಿಡಿದು ವೇಗದಿಂದ ಗುಣಿಸಿದರೆ ವಿದ್ಯುತ್ ಶೇಕಡ 37ರಷ್ಟು ಏರಿರುತ್ತದೆ. 140 ವ್ಯಾಟ್ ಹೋಗಿ 192 ಆಯಿತು. ಎಂಟು ರೂಪಾಯಿ ಲಾಭಕ್ಕೆ ಮೂವತ್ತೇಳು ರೂಪಾಯಿ ಖರ್ಚು. ಈ ವ್ಯವಹಾರವನ್ನು ಗಂಜ್ ಮಾರುಕಟ್ಟೆಯ ತೊಗರಿ ದಲ್ಲಾಳಿ ಒಪ್ಪಲಾರ.

ಇದರ ಮೇಲೆ ಸೋರಿಕೆ ಬೇರೆ. ಮುಚ್ಚಿದ ಟ್ರಾನ್ಸಿಸ್ಟರಿನ ಮೂಲಕವೂ ಒಂದಿಷ್ಟು ಕರೆಂಟ್ ಹರಿಯುತ್ತದೆ. ಚಿಪ್ ಬಿಸಿಯಾದಷ್ಟೂ ಅದು ಹೆಚ್ಚುತ್ತದೆ. ಸೋರಿಕೆ ಹೆಚ್ಚಿದರೆ ಶಾಖ, ಶಾಖ ಹೆಚ್ಚಿದರೆ ಮತ್ತೆ ಸೋರಿಕೆ. ಸಾಲದ್ದಕ್ಕೆ, ಹೆಚ್ಚಿನ ವೋಲ್ಟೇಜಿನಲ್ಲಿ ಓಡುವ ಟ್ರಾನ್ಸಿಸ್ಟರು ಬಿಸಿಯಾದಾಗ ಸ್ವಲ್ಪ ನಿಧಾನವಾಗುತ್ತದೆ. 65 ಡಿಗ್ರಿಯಲ್ಲಿ ಗಟ್ಟಿಯಾಗಿ ನಿಂತ 5.2 ಗಿಗಾಹರ್ಟ್ಜ್, ಅದೇ ವೋಲ್ಟೇಜಿನಲ್ಲಿ 90 ಡಿಗ್ರಿ ಮುಟ್ಟಿದಾಗ ಕುಸಿಯಲು ಇದೇ ಕಾರಣ. ಚಳಿಗಾಲದಲ್ಲಿ 'ಸ್ಟೇಬಲ್' ಆಗಿದ್ದ ಯಂತ್ರ ಬ್ಯಾಸಗಿಯಲ್ಲಿ ಕೆಡುವುದು ಯಾರ ಕಣ್ಣು ಬಿದ್ದೂ ಅಲ್ಲ.

ದೊಡ್ಡ ಕಂಪನಿಗಳನ್ನೂ ಈ ಲೆಕ್ಕ ಬಿಟ್ಟಿಲ್ಲ. ಟ್ರಾನ್ಸಿಸ್ಟರು ಚಿಕ್ಕದಾದಂತೆ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಶಾಖ ಹತೋಟಿಯಲ್ಲಿರುತ್ತದೆ ಎಂಬ ಸೂತ್ರವನ್ನು ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ಮುಂದಿಟ್ಟರು. ಮೂರು ದಶಕ ಅದು ನಡೆಯಿತು. ಅನಂತರ ಸೋರಿಕೆಯ ಕಾರಣಕ್ಕೆ ವೋಲ್ಟೇಜ್ ಮೊದಲಿನಂತೆ ಇಳಿಯಲಿಲ್ಲ. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಜ್ ಪೆಂಟಿಯಮ್ 4ರ ಆಸೆಯನ್ನೇ ಕೈಬಿಟ್ಟು ಹೆಚ್ಚು ಕೋರ್‌ಗಳ ದಾರಿ ಹಿಡಿಯಿತು. ಆ ದಾರಿಯಲ್ಲಿ 2008ರಲ್ಲಿ ಬಂದ ಆರು ಕೋರ್‌ಗಳ ಜಿಯಾನ್ 7400, ಡನಿಂಗ್ಟನ್ ಎಂಬ ಒಳಹೆಸರಿನದು, ವಿನ್ಯಾಸಗೊಂಡದ್ದು ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ.

ಡೆಲ್ಟಾ ಟಿ: ಕೋಣೆಯನ್ನು ಕೂಡಿಸಿ ಹೇಳಿ

ಗಾಳಿಯಿಂದಾಗಲಿ ನೀರಿನಿಂದಾಗಲಿ ತಂಪು ಮಾಡುವ ಯಾವ ಸಾಧನವೂ ಚಿಪ್ಪನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ತರಲಾರದು. ಅದು ಮಾಡುವುದು ಕೋಣೆಗೂ ಚಿಪ್ಪಿಗೂ ನಡುವಿನ ಅಂತರವನ್ನು ಕಡಿಮೆ ಮಾಡುವ ಕೆಲಸ. ಈ ಅಂತರಕ್ಕೆ ಡೆಲ್ಟಾ ಟಿ ಎನ್ನುತ್ತಾರೆ. ಚಿಪ್ಪಿನಿಂದ ಗಾಳಿಯವರೆಗಿನ ಒಟ್ಟು ತಡೆ ಪ್ರತಿ ವ್ಯಾಟಿಗೆ 0.3 ಡಿಗ್ರಿ ಎಂದು ಹಿಡಿದರೆ, ಮೇಲಿನ ಉದಾಹರಣೆಯ 140 ವ್ಯಾಟಿಗೆ 42 ಡಿಗ್ರಿ ಏರಿಕೆ, 192 ವ್ಯಾಟಿಗೆ ಸುಮಾರು 58.

26 ಡಿಗ್ರಿಯ ಬೆಂಗಳೂರು ಕೋಣೆಯಲ್ಲಿ ಇವು 68 ಮತ್ತು 84 ಆಗುತ್ತವೆ. ಎರಡೂ ನಡೆಯುತ್ತವೆ. 40 ಡಿಗ್ರಿಯ ಕಲಬುರಗಿ ಕೋಣೆಯಲ್ಲಿ 82 ಮತ್ತು 98. ಮೊದಲನೆಯದು ಬದುಕುತ್ತದೆ. ಎರಡನೆಯದು ಇಂಟೆಲ್ ಚಿಪ್‌ಗಳ 100 ಡಿಗ್ರಿಯ ಕಟ್ಟಕಡೆಯ ಮಿತಿಗೆ ತಾಗಿ ನಿಂತಿದೆ. 95 ಡಿಗ್ರಿಗೇ ಮಿತಿ ಹಾಕಿಕೊಂಡಿರುವ ರೈಜೆನ್ 7000 ಸರಣಿಯ ಚಿಪ್ ಅಷ್ಟರಲ್ಲಿ ತಾನಾಗಿಯೇ ವೇಗ ಇಳಿಸಿರುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎಂದು ಹೆಸರು. ಹೀಗಾಗಿ ಮೇ ತಿಂಗಳಲ್ಲಿ ಓವರ್‌ಕ್ಲಾಕ್ ಮಾಡಿದ ಯಂತ್ರ, ಮಾಡದ ಯಂತ್ರಕ್ಕಿಂತ ನಿಧಾನವಾಗಿ ಓಡುವ ವಿಚಿತ್ರವೂ ನಡೆಯುತ್ತದೆ.

ಆದ್ದರಿಂದ 'ನನ್ನ ಪ್ರೊಸೆಸರ್ 70 ಡಿಗ್ರಿ ಇದೆ' ಎಂಬ ಮಾತಿಗೆ ಕೋಣೆ ಎಷ್ಟಿತ್ತು ಎಂದು ಹೇಳದ ಹೊರತು ಅರ್ಥವಿಲ್ಲ. ಒಂದು ಅಗ್ಗದ ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂದಿನ ಫ್ಯಾನ್ ಗಾಳಿ ಎಳೆಯುವ ಜಾಗದಲ್ಲಿ ತೂಗುಹಾಕಿ, ಪ್ರತಿ ಪರೀಕ್ಷೆಯಲ್ಲೂ ಅಂತರವನ್ನು ಬರೆದಿಡುವುದು ನನ್ನ ಮಟ್ಟಿಗೆ ಹೊಸ ಕೂಲರ್ ಕೊಳ್ಳುವುದಕ್ಕಿಂತ ಮೊದಲ ಕೆಲಸ. ಗರಿಷ್ಠ 90 ಡಿಗ್ರಿ ಇರಲಿ, ಕೋಣೆ 42ರವರೆಗೆ ಹೋಗಬಹುದು ಎಂದು ನಿಶ್ಚಯಿಸಿದರೆ ಕೈಯಲ್ಲಿರುವ ಅಂತರ 48 ಡಿಗ್ರಿ. ಡಿಸೆಂಬರಿನ ರಾತ್ರಿ 22 ಡಿಗ್ರಿ ಕೋಣೆಯಲ್ಲಿ ಪರೀಕ್ಷೆ ಮಾಡುವವರು 70ರ ಒಳಗೇ ನಿಲ್ಲಿಸಬೇಕು. ಬೇಸಿಗೆಯ ಹೆಚ್ಚುವರಿ ಸೋರಿಕೆಗೆಂದು ಇನ್ನೂ ಮೂರ್ನಾಲ್ಕು ಡಿಗ್ರಿ ಬಿಟ್ಟುಕೊಟ್ಟು 66ಕ್ಕೆ ನಿಲ್ಲಿಸಿದರೆ ಮೇ ತಿಂಗಳಲ್ಲಿ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್ ಮುಟ್ಟುವ ಪ್ರಮೇಯ ಬರುವುದಿಲ್ಲ.

ಬೆಂಗಳೂರು ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ಕಲಬುರಗಿಯಲ್ಲಿ ದಟ್ಟ ಎಂಬ ವಾದವನ್ನೂ ಕೆಲವರು ಹೂಡುವುದುಂಟು. ಬೆಂಗಳೂರು ಸುಮಾರು 920 ಮೀಟರ್, ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿರುವುದು ನಿಜ. ಆದರೆ ಬಿಸಿ ಗಾಳಿಯೂ ತೆಳುವೇ. 40 ಡಿಗ್ರಿಯ ಕಲಬುರಗಿ ಗಾಳಿಗೂ 28 ಡಿಗ್ರಿಯ ಬೆಂಗಳೂರು ಗಾಳಿಗೂ ಸಾಂದ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯುವುದಿಲ್ಲ.

ಮಾಳಿಗೆ, ಪತ್ರಾಸು, ಸ್ಲ್ಯಾಬ್

ಕೋಣೆ ಅತಿ ಬಿಸಿಯಾಗುವುದು ಮಧ್ಯಾಹ್ನ ಮೂರಕ್ಕೆ ಎಂಬುದು ಎಲ್ಲ ಮನೆಗಳಿಗೂ ನಿಜವಲ್ಲ. ಹೊರಗಿನ ತಾಪ ಆ ಹೊತ್ತಿಗೆ ತುದಿ ಮುಟ್ಟುತ್ತದೆ. ಆದರೆ ಕಾಂಕ್ರೀಟ್ ಸ್ಲ್ಯಾಬ್ ಹಗಲಿಡೀ ಬಿಸಿಲು ಕುಡಿದು ಕೆಲವು ತಾಸು ತಡವಾಗಿ ಅದನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ಮೇಲಂತಸ್ತಿನ ಕೋಣೆಯಲ್ಲಿ ರಾತ್ರಿ ಎಂಟು–ಒಂಬತ್ತಕ್ಕೂ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುವುದು ಇದಕ್ಕೇ. ಗೇಮ್ ಆಡುವವರು ಕೂರುವುದೂ ಅದೇ ಹೊತ್ತಿಗೆ. ಪತ್ರಾಸಿನ, ಅಂದರೆ ತಗಡಿನ ಚಾವಣಿಯ ಮನೆಯ ನಡತೆ ತಿರುವುಮುರುವು: ಮಧ್ಯಾಹ್ನ ಒಳಗೆ ನಿಲ್ಲಲಾಗದು, ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ. ದಪ್ಪ ಕಲ್ಲು ಗೋಡೆ, ಮಣ್ಣಿನ ಮಾಳಿಗೆಯ ಹಳೆ ಮನೆಗಳು ಎರಡಕ್ಕಿಂತಲೂ ತಣ್ಣಗಿರುತ್ತವೆ, ಅಲ್ಲಿ ಮಣ್ಣು ಉದುರುವುದೊಂದೇ ತೊಂದರೆ.

ಕಂಪ್ಯೂಟರ್ ಯಾವ ಕೋಣೆಯಲ್ಲಿದೆ ಎಂಬುದೂ ಹೀಗಾಗಿ ಓವರ್‌ಕ್ಲಾಕಿಂಗ್‌ನ ಒಂದು ಸೆಟ್ಟಿಂಗೇ. ನೆಲಮಹಡಿಯ ಶಹಾಬಾದ್ ಫರಸಿಯ ಕೋಣೆಗೆ ಇಳಿಸಿದರೆ ಖರ್ಚಿಲ್ಲದೆ ನಾಲ್ಕೈದು ಡಿಗ್ರಿ ಸಿಗಬಹುದು. ಗೋಡೆಗೆ ಒತ್ತಿ, ಮೇಜಿನ ಖಾನೆಯೊಳಗೆ ತುರುಕಿದ ಕ್ಯಾಬಿನೆಟ್ ತಾನು ಉಗುಳಿದ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅದಕ್ಕೆ ಯಾವ ಕೂಲರೂ ಉತ್ತರವಲ್ಲ.

ನೀರಿನ ಕೂಲರ್ ಎಂಬ ವರ

ಕಲಬುರಗಿಯ ಬೇಸಿಗೆಗೆ ಒಂದು ಗುಣವಿದೆ, ಅದು ಒಣದು. ಮಧ್ಯಾಹ್ನದ ತೇವಾಂಶ ಶೇಕಡ 20ರ ಆಸುಪಾಸು ಇದ್ದಾಗ 41 ಡಿಗ್ರಿಯ ಗಾಳಿ ನೀರನ್ನು ಆವಿಯಾಗಿಸುತ್ತಾ ಸೈದ್ಧಾಂತಿಕವಾಗಿ ಸುಮಾರು 23 ಡಿಗ್ರಿಯವರೆಗೆ ಇಳಿಯಬಲ್ಲದು. ಮನೆಯ ಏರ್ ಕೂಲರ್ ಇದರ ಮುಕ್ಕಾಲು ದಾರಿ ಕ್ರಮಿಸಿದರೂ ಅದರ ಬಾಯಿಂದ ಬರುವ ಗಾಳಿ 28 ಡಿಗ್ರಿ ಇರುತ್ತದೆ. ಮೇಲಿನ ಲೆಕ್ಕಕ್ಕೆ ಹಚ್ಚಿ ನೋಡಿ: ದುಬಾರಿ ಹೀಟ್‌ಸಿಂಕಿಗೂ ಸಾಧಾರಣ ಹೀಟ್‌ಸಿಂಕಿಗೂ ಇರುವ ವ್ಯತ್ಯಾಸ ಐದಾರು ಡಿಗ್ರಿಯಾದರೆ, ಕಿಟಕಿಗೆ ಕೂರಿಸಿದ ಕೂಲರ್ ಹತ್ತು ಡಿಗ್ರಿ ಇಳಿಸಿ ಕೊಡುತ್ತದೆ.

ತೇವ ಬಂದರೆ ಸರ್ಕ್ಯೂಟಿನ ಮೇಲೆ ಹನಿಗಟ್ಟುತ್ತದೆ ಎಂಬ ಭಯ ಬೇಡ. ಓಡುತ್ತಿರುವ ಕಂಪ್ಯೂಟರಿನ ಒಳಗಿನ ಎಲ್ಲ ಭಾಗಗಳೂ ಕೋಣೆಗಿಂತ ಬೆಚ್ಚಗಿರುತ್ತವೆ. ಹನಿಗಟ್ಟಲು ಸುತ್ತಲಿನ ಗಾಳಿಗಿಂತ ತಣ್ಣನೆಯ ಮೇಲ್ಮೈ ಬೇಕು. ಅಪಾಯ ಇರುವುದು ಬೇರೆ ಕಡೆ. ಕೂಲರಿನ ಗಾಳಿಯ ಜೊತೆ ಸಣ್ಣ ತುಂತುರು ಹಾರುತ್ತದೆ, ಅದರಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಇರುತ್ತದೆ. ಕೂಲರಿನ ಎದುರಿಗೇ ಪಕ್ಕದ ಬಾಗಿಲು ತೆಗೆದ ಕ್ಯಾಬಿನೆಟ್ ಇಟ್ಟರೆ ಒಂದು ಬೇಸಿಗೆಯಲ್ಲೇ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಬಿಳಿಯ ಪದರ ಕೂರುತ್ತದೆ, ಅದಕ್ಕೆ ದೂಳು ಅಂಟಿ ಗಟ್ಟಿಯಾಗುತ್ತದೆ. ಕೂಲರ್ ಕೋಣೆಯನ್ನು ತಂಪು ಮಾಡಲಿ, ಕಂಪ್ಯೂಟರ್ ಆ ಕೋಣೆಯ ಗಾಳಿ ಎಳೆಯಲಿ. ನಡುವೆ ಆರೇಳು ಅಡಿ ಅಂತರವಿರಲಿ. ಎದುರಿನ ಕಿಟಕಿ ತೆರೆದಿರಬೇಕು, ಇಲ್ಲವಾದರೆ ತೇವ ಒಳಗೇ ಕೂತು ಕೂಲರೇ ಸೋಲುತ್ತದೆ.

ಜೂನ್ ಮಳೆ ಬಿದ್ದ ಮೇಲೆ ಆವಿಯ ಆಟ ಮುಗಿಯಿತು. ಗಾಳಿಯಲ್ಲಿ ತೇವ ತುಂಬಿ ಕೂಲರ್ ಬರೀ ಫ್ಯಾನ್ ಆಗುತ್ತದೆ. ಆದರೆ ಅಷ್ಟು ಹೊತ್ತಿಗೆ ಹೊರಗಿನ ತಾಪವೇ ಇಳಿದಿರುವುದರಿಂದ ಪ್ರೊಸೆಸರಿಗೆ ತೊಂದರೆಯಿಲ್ಲ. ಸೆಕೆ ಆಗುವುದು ಎದುರಿಗೆ ಕೂತವರಿಗೆ.

ಹೀಟ್‌ಸಿಂಕ್, ನೀರಿನ ಕೊಳವೆ, ಪೇಸ್ಟ್

ನೀರಿನಿಂದ ತಂಪಾಗಿಸುವ ಮುಚ್ಚಿದ ಕಿಟ್‌ಗಳು, ಅಂದರೆ ಎಐಒಗಳು, ಈಗ ಫ್ಯಾಷನ್. ಇವುಗಳೊಳಗಿನ ದ್ರವದ ತಾಪ 60 ಡಿಗ್ರಿ ದಾಟಬಾರದು ಎಂಬ ಮಿತಿ ಸಾಮಾನ್ಯ. ಭಾರದ ಕೆಲಸದಲ್ಲಿ ದ್ರವ ಕೋಣೆಗಿಂತ 10ರಿಂದ 15 ಡಿಗ್ರಿ ಮೇಲಿರುತ್ತದೆ. 25 ಡಿಗ್ರಿಯ ಊರಿನಲ್ಲಿ ಅದು 40 ಆಗುತ್ತದೆ, ಯಾರೂ ಗಮನಿಸುವುದಿಲ್ಲ. 42 ಡಿಗ್ರಿ ಕೋಣೆಯಲ್ಲಿ 57. ರೇಡಿಯೇಟರಿನಲ್ಲಿ ದೂಳು ಕಟ್ಟಿದ್ದರೆ ಮಿತಿ ದಾಟಿಯೇಬಿಡುತ್ತದೆ, ಪಂಪಿನ ಆಯುಷ್ಯಕ್ಕೆ ಕುತ್ತು. ನನ್ನ ಆಯ್ಕೆ ಕೇಳಿದರೆ ಇಲ್ಲಿಗೆ ಗಾಳಿಯಿಂದ ತಂಪಾಗುವ ಎರಡು ಗೋಪುರದ ದೊಡ್ಡ ಹೀಟ್‌ಸಿಂಕೇ ವಾಸಿ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಬದಲಿಸಲು ಐದು ನಿಮಿಷ ಸಾಕು.

ತೊಗರಿ ಕಣಜ ಎನಿಸಿದ ಕಲಬುರಗಿಯಲ್ಲಿ ದಾಲ್‌ಮಿಲ್‌ಗಳ ಹೊಟ್ಟು, ಎರೆಮಣ್ಣಿನ ದೂಳು ಎರಡೂ ಹಾರಾಡುತ್ತಿರುತ್ತವೆ. ಒಳಗೆ ಗಾಳಿ ತಳ್ಳುವ ಫ್ಯಾನ್‌ಗಳು ಹೊರಹಾಕುವ ಫ್ಯಾನ್‌ಗಳಿಗಿಂತ ಹೆಚ್ಚಿದ್ದರೆ ಸಂದುಗಳಿಂದ ದೂಳು ನುಗ್ಗುವುದಿಲ್ಲ, ಜಾಲರಿಯ ಮೂಲಕವೇ ಬರಬೇಕಾಗುತ್ತದೆ. ಜಾಲರಿಯನ್ನು ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆಯಬೇಕು.

ಥರ್ಮಲ್ ಪೇಸ್ಟ್ ಪದೇ ಪದೇ ಕಾದು ಆರುವುದರಿಂದ ನಡುವಿನಿಂದ ಅಂಚಿಗೆ ಜಾರಿ ಒಣಗುತ್ತದೆ. ಇದಕ್ಕೆ ಬದಲಿಯಾಗಿ ಹನಿವೆಲ್ ಕಂಪನಿಯ ಪಿಟಿಎಂ 7950 ಎಂಬ ಹಾಳೆ ಚಾಲ್ತಿಗೆ ಬಂದಿದೆ. ಸುಮಾರು 45 ಡಿಗ್ರಿಯಲ್ಲಿ ಮೆದುವಾಗಿ ಸಂದುಗಳನ್ನು ತುಂಬಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಕೊರಿಯರ್ ಗಾಡಿಯಿಂದ ಇಳಿಸಿದಾಗಲೇ ಅದು ಅರ್ಧ ಮೆದುವಾಗಿರಬಹುದು. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಮೇಲಿನ ಪೊರೆ ಸುಲಿಯಬೇಕು.

ವೋಲ್ಟೇಜ್ ಕಟ್ಟುವ ಬಗೆ

ಬಯಾಸ್‌ನಲ್ಲಿ ವಿ-ಕೋರ್ ಎಂದು ಕಾಣುವುದು ಕೋರ್‌ಗಳಿಗೆ ಹೋಗುವ ವೋಲ್ಟೇಜ್. ಅದನ್ನು ಒಂದೇ ಅಂಕಿಗೆ ಸ್ಥಿರವಾಗಿ ಕಟ್ಟಬಹುದು. ಚಿಪ್ ಕೇಳಿದ ವೋಲ್ಟೇಜಿಗೆ ಇಷ್ಟು ಕೂಡಿಸು ಅಥವಾ ಕಳೆ ಎಂದೂ ಹೇಳಬಹುದು. ಎರಡನೆಯದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಸ್ಥಿರ ವೋಲ್ಟೇಜಿನಲ್ಲಿ ಯಂತ್ರ ಸುಮ್ಮನಿದ್ದಾಗಲೂ ಪೂರ್ತಿ ಒತ್ತಡ ಇರುತ್ತದೆ. ದಿನನಿತ್ಯದ ಬಳಕೆಗೆ ಆಫ್‌ಸೆಟ್ಟೇ ಸರಿ. ರೈಜೆನ್ ಚಿಪ್ಪಿನಲ್ಲಿ ಒಂದೆರಡು ಕೋರ್ ಮಾತ್ರ ಓಡುವಾಗ 1.4ರ ಮೇಲೆ ಅಂಕಿ ಕಾಣುವುದು ಸಹಜ. ಅದನ್ನು ನೋಡಿ, ಇಷ್ಟು ಅದಕ್ಕೆ ಒಗ್ಗುತ್ತದೆ ಎಂದುಕೊಂಡು ಎಲ್ಲ ಕೋರ್‌ಗಳಿಗೂ ಅದೇ ಅಂಕಿಯನ್ನು ಕಟ್ಟಿದರೆ ಚಿಪ್ಪಿನ ಆಯುಷ್ಯ ಮುಗಿದಂತೆ.

ಕೆಲಸದ ಭಾರ ಬಿದ್ದಾಗ ವಿ-ಕೋರ್ ತಾನಾಗಿ ಕುಸಿಯುತ್ತದೆ. 1.2 ವೋಲ್ಟಿನಲ್ಲಿ 180 ವ್ಯಾಟ್ ತಿನ್ನುವ ಚಿಪ್ ಎಳೆಯುವ ಕರೆಂಟ್ 150 ಆಂಪಿಯರ್. ಇಡೀ ಮನೆಯ ಮೀಟರಿನ ಮೂಲಕವೂ ಅಷ್ಟು ಹರಿಯುವುದಿಲ್ಲ. ದಾರಿಯಲ್ಲಿರುವ ಒಂದು ಮಿಲಿಓಮ್ ತಡೆಯೂ ಇಲ್ಲಿ 150 ಮಿಲಿವೋಲ್ಟನ್ನು ನುಂಗುತ್ತದೆ. ಈ ಕುಸಿತವನ್ನು ತಡೆಯಲು ಮದರ್‌ಬೋರ್ಡುಗಳಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಷನ್ ಎಂಬ ಸೆಟ್ಟಿಂಗ್ ಇದೆ. ಅದನ್ನು ತುದಿಗೇರಿಸಿದರೆ ಕುಸಿತವೇನೋ ನಿಲ್ಲುತ್ತದೆ. ಆದರೆ ಭಾರ ಥಟ್ಟನೆ ಇಳಿದಾಗ ವೋಲ್ಟೇಜ್ ಒಂದು ಕ್ಷಣ ಮೇಲೆ ಚಿಮ್ಮುತ್ತದೆ, ಸಾಫ್ಟ್‌ವೇರಿನ ಮೀಟರಿಗೆ ಅದು ಕಾಣುವುದೇ ಇಲ್ಲ. ಮಧ್ಯದ ಹಂತದಲ್ಲಿ ನಿಲ್ಲಿಸಿ ಒಂದಿಷ್ಟು ಕುಸಿತವನ್ನು ಒಪ್ಪಿಕೊಳ್ಳುವುದು ಮೇಲು.

ಈ ಊರಿಗೆ ನಾನು ಹೇಳುವ ಕ್ರಮ ತಲೆಕೆಳಗಿನದು. ಮೊದಲು ವೇಗವನ್ನು ಹಾಗೇ ಬಿಟ್ಟು, ಆಫ್‌ಸೆಟ್ಟನ್ನು 20–30 ಮಿಲಿವೋಲ್ಟಿನಂತೆ ಕೆಳಗಿಳಿಸುತ್ತ ಹೋಗಿ. ರೈಜೆನ್ 5000 ಮತ್ತು ಅದರ ನಂತರದವುಗಳಲ್ಲಿ ಕರ್ವ್ ಆಪ್ಟಿಮೈಜರ್ ಇದೇ ಕೆಲಸವನ್ನು ಕೋರ್ ಕೋರ್‌ಗೂ ಬೇರೆಯಾಗಿ ಮಾಡುತ್ತದೆ. ಕಾರ್ಖಾನೆ ಎಲ್ಲ ಚಿಪ್‌ಗಳಿಗೂ ಹೊಂದುವಂತೆ ಒಂದಿಷ್ಟು ಹೆಚ್ಚುವರಿ ವೋಲ್ಟೇಜ್ ಇಟ್ಟಿರುತ್ತದೆ. ನಿಮ್ಮ ಚಿಪ್ಪಿಗೆ ಅಷ್ಟು ಬೇಕಿಲ್ಲದಿರಬಹುದು. 1.20ರಿಂದ 1.12ಕ್ಕೆ ಇಳಿದರೂ ವರ್ಗದ ಲೆಕ್ಕದಲ್ಲಿ ಶಾಖ ಶೇಕಡ 13ರಷ್ಟು ಕಡಿಮೆ. ಹೀಗೆ ಉಳಿದ ತಾಪದ ಜಾಗದಲ್ಲಿ ಚಿಪ್ಪಿನ ಬೂಸ್ಟ್ ತಾನಾಗಿಯೇ ಮೇಲೇರುತ್ತದೆ. ಬೇಕೆನಿಸಿದರೆ ಆಮೇಲೆ ವೇಗವನ್ನು ಒಂದೊಂದು ಮೆಟ್ಟಿಲು ಏರಿಸಿ, ಜೊತೆಗೆ ತಾಪದ ಮಿತಿಯನ್ನು 85ಕ್ಕೋ 90ಕ್ಕೋ ಕಟ್ಟಿಬಿಡಿ. ಲ್ಯಾಪ್‌ಟಾಪ್‌ನವರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ: ವೋಲ್ಟೇಜ್ ಇಳಿಸಿ ಗುಪ್ತ ಮಾಹಿತಿ ಕದಿಯಬಹುದೆಂದು ತೋರಿಸಿದ ಪ್ಲಂಡರ್‌ವೋಲ್ಟ್ ಎಂಬ ದಾಳಿ 2019ರಲ್ಲಿ ಬೆಳಕಿಗೆ ಬಂದ ಮೇಲೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಸೌಲಭ್ಯಕ್ಕೆ ಬೀಗ ಬಿತ್ತು.

2024ರ ಪಾಠ

ಹೆಚ್ಚು ವೋಲ್ಟೇಜ್ ಚಿಪ್ಪನ್ನು ಒಂದೇ ದಿನದಲ್ಲಿ ಸುಡುವುದು ಅಪರೂಪ. ಅದು ಮೆಲ್ಲಗೆ ಸವೆಸುತ್ತದೆ. ಕರೆಂಟಿನ ರಭಸಕ್ಕೆ ಲೋಹದ ಎಳೆಗಳಲ್ಲಿನ ಪರಮಾಣುಗಳೇ ಸರಿದು ಹೋಗುತ್ತವೆ; ಇದಕ್ಕೆ ಎಲೆಕ್ಟ್ರೋಮೈಗ್ರೇಷನ್ ಎಂದು ಹೆಸರು. ತಾಪ ಏರಿದಂತೆ ಈ ಸವೆತ ಬಲು ಬೇಗ ಬೆಳೆಯುತ್ತದೆ. ಸವೆದ ಚಿಪ್ ಸಾಯುವುದಿಲ್ಲ, ಅದೇ ವೇಗಕ್ಕೆ ಮೊದಲಿಗಿಂತ ಹೆಚ್ಚು ವೋಲ್ಟೇಜ್ ಕೇಳುತ್ತದೆ.

ಓವರ್‌ಕ್ಲಾಕ್ ಮಾಡದವರಿಗೂ ಇದು ತಟ್ಟಿದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ. ಗೇಮ್‌ಗಳು ಕಾರಣವಿಲ್ಲದೆ ಮುಚ್ಚಿಕೊಳ್ಳುತ್ತಿದ್ದವು. ಪ್ರೊಸೆಸರಿನ ಒಳಗಿನ ನಿಯಂತ್ರಣ ಸೂಚನೆಗಳಾದ ಮೈಕ್ರೋಕೋಡ್ ತಪ್ಪಾಗಿ ಅತಿಯಾದ ವೋಲ್ಟೇಜ್ ಕೇಳುತ್ತಿದೆ ಎಂದು 2024ರ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟಿನ 0ಎಕ್ಸ್129 ಮೈಕ್ರೋಕೋಡ್ ಆ ಬೇಡಿಕೆಯನ್ನು 1.55 ವೋಲ್ಟಿಗೆ ಮಿತಿಗೊಳಿಸಿತು, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಬಂತು. ಹೆಚ್ಚಿನ ವೋಲ್ಟೇಜ್ ಮತ್ತು ತಾಪಕ್ಕೆ ಕೋರ್‌ನೊಳಗಿನ ಗಡಿಯಾರದ ಸರ್ಕ್ಯೂಟ್ ಹಳತಾಗುತ್ತಿತ್ತು ಎಂಬುದು ಕಂಪನಿ ಕೊಟ್ಟ ವಿವರಣೆ. ಈ ಚಿಪ್‌ಗಳಿಗೆ ಎರಡು ವರ್ಷ ಹೆಚ್ಚುವರಿ ವಾರಂಟಿಯೂ ಸಿಕ್ಕಿತು. ಎಎಂಡಿ ಕಡೆಯೂ 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟು ಉಬ್ಬಿದ್ದವು. ಅನಂತರ ಚಿಪ್ಪಿನ ಮೆಮೊರಿ ನಿಯಂತ್ರಕ ಮೊದಲಾದ ಭಾಗಗಳಿಗೆ ಹೋಗುವ ಎಸ್‌ಒಸಿ ವೋಲ್ಟೇಜನ್ನು 1.3 ವೋಲ್ಟಿಗೆ ಕಟ್ಟಿಹಾಕಿದರು. ಮೆಮೊರಿಯ ವೇಗ ಏರಿಸುವ ಎಕ್ಸ್‌ಪೋ ಪ್ರೊಫೈಲ್ ಹಚ್ಚಿದಾಗ ಮದರ್‌ಬೋರ್ಡ್ ತಾನೇ ಎಷ್ಟು ವೋಲ್ಟೇಜ್ ಕೊಡುತ್ತಿದೆ ಎಂದು ನೋಡುವ ಅಭ್ಯಾಸ ಅಂದಿನಿಂದ ಅಗತ್ಯವಾಯಿತು. ಈ ಎರಡರಲ್ಲಿ ಯಾವ ಬಳಗದ ಯಂತ್ರ ನಿಮ್ಮಲ್ಲಿದ್ದರೂ ಯಾವ ಸೆಟ್ಟಿಂಗ್ ಮುಟ್ಟುವುದಕ್ಕೂ ಮೊದಲು ಬಯಾಸ್ ಅಪ್ಡೇಟ್ ಮಾಡಬೇಕು. ಅಪ್ಡೇಟ್ ನಡೆಯುವಾಗ ಕರೆಂಟ್ ಹೋಗಕೂಡದು, ಅದಕ್ಕೆ ಯುಪಿಎಸ್ ಬೇಕು.

ಕಮಲಾಪುರದ ಗೋಡೆಯ ವೋಲ್ಟೇಜ್

ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ 'ವೋಲ್ಟೇಜ್ ಇಲ್ಲ' ಎಂದರೆ ಯಾರಿಗೂ ವಿ-ಕೋರ್ ನೆನಪಾಗದು. ಅದು ಕಂಬದ ವೋಲ್ಟೇಜಿನ ಮಾತು. ಕಲಬುರಗಿಯಲ್ಲಿ ಮುಖ್ಯ ಕಚೇರಿ ಇರುವ ಜೆಸ್ಕಾಂ ಈ ಭಾಗಕ್ಕೆ ವಿದ್ಯುತ್ ಹಂಚುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಮತ್ತು ಪಂಪ್‌ಸೆಟ್‌ಗಳ ಫೀಡರುಗಳನ್ನು ಬೇರ್ಪಡಿಸಿದ ಕಡೆ ಪರಿಸ್ಥಿತಿ ಸುಧಾರಿಸಿದೆ. ತೋಟದ ಮನೆಗಳು ಇನ್ನೂ ಪಂಪ್‌ಸೆಟ್ ಲೈನಿನ ಮೇಲೇ ಇರುವಲ್ಲಿ, ಮೋಟಾರುಗಳು ಒಟ್ಟಿಗೆ ಶುರುವಾದ ಕ್ಷಣ ಬಲ್ಬು ಮಂಕಾಗುತ್ತದೆ.

ಕಂಬದ ವೋಲ್ಟೇಜ್ ಇಳಿದರೆ ವಿ-ಕೋರ್ ಇಳಿಯುವುದಿಲ್ಲ. ನಡುವೆ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಇದೆ, ಅದರ ಮುಂದೆ ಚಿಪ್ಪಿನ ವೋಲ್ಟೇಜನ್ನು ಹದಕ್ಕೆ ತರುವ ಮದರ್‌ಬೋರ್ಡಿನ ವಿಆರ್‌ಎಂ ಇದೆ. ಆದರೆ ಎಸ್‌ಎಂಪಿಎಸ್ ಅದೇ ವ್ಯಾಟ್ ಕೊಡಲು ಹೆಚ್ಚು ಕರೆಂಟ್ ಎಳೆಯಬೇಕು. 230 ವೋಲ್ಟಿನಲ್ಲಿ 1.45 ಆಂಪಿಯರ್ ಎಳೆಯುತ್ತಿದ್ದುದು 170ರಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆ ಕರೆಂಟಿನ ವರ್ಗಕ್ಕೆ ತಕ್ಕಂತೆ ಒಳಗೆ ಕಾಯುತ್ತದೆ. ಅಗ್ಗದ ಎಸ್‌ಎಂಪಿಎಸ್‌ಗಳ ಮೇಲೆ ಬರೆದ ವ್ಯಾಟ್ 25 ಅಥವಾ 40 ಡಿಗ್ರಿಗೆ ಹೇಳಿದ್ದು; 42 ಡಿಗ್ರಿಯ ಕೋಣೆಯಲ್ಲಿ, ಕ್ಯಾಬಿನೆಟ್ಟಿನ ಒಳಗೆ, ಅದು ಅಷ್ಟು ಕೊಡಲಾರದು. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಪ್ರತಿ 10 ಡಿಗ್ರಿಗೆ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಪೂರ್ಣ ವ್ಯಾಟನ್ನು 50 ಡಿಗ್ರಿಯಲ್ಲೂ ಕೊಡುವೆನೆಂದು ಬರೆದಿರುವ, 105 ಡಿಗ್ರಿ ಕೆಪಾಸಿಟರಿನ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಓವರ್‌ಕ್ಲಾಕಿಂಗ್ ಬಜೆಟ್ಟಿನಲ್ಲಿ ಮೊದಲ ಖರ್ಚು ಇದೇ ಆಗಬೇಕು ಎಂಬುದು ನನ್ನ ಹಟ.

ಕರೆಂಟ್ ಹೋದ ಮೇಲೂ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಜೀವ ಹಿಡಿದಿರುತ್ತದೆ. ಯುಪಿಎಸ್ 4ರಿಂದ 10 ಮಿಲಿಸೆಕೆಂಡಿನಲ್ಲಿ ಬದಲಾಗುವುದರಿಂದ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಮನೆಯ ಇನ್ವರ್ಟರ್ ಅಷ್ಟು ಚುರುಕಲ್ಲ. ಹಲವು ಇನ್ವರ್ಟರ್‌ಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ; ಕಂಪ್ಯೂಟರ್ ಮೇಲಿಂದ ಮೇಲೆ ರೀಸ್ಟಾರ್ಟ್ ಆಗುತ್ತಿದ್ದರೆ ಓವರ್‌ಕ್ಲಾಕನ್ನು ಬೈಯುವ ಮೊದಲು ಆ ಸ್ವಿಚ್ ನೋಡಬೇಕು. ಇನ್ನು ಅರ್ಥಿಂಗ್. ಬೇಸಿಗೆಯಲ್ಲಿ ನೆಲ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯ ತಡೆ ಏರುತ್ತದೆ, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಗುಂಡಿಗೆ ಆಗಾಗ ನೀರು ಹಾಕುವ ಹಿರಿಯರ ರೂಢಿ ಸರಿಯಾದದ್ದೇ. ಮೇ ಕೊನೆಯ ಗುಡುಗು ಮಳೆ ಶುರುವಾದಾಗ ಮಾತ್ರ ಪ್ಲಗ್ ಕಿತ್ತಿಡುವುದಕ್ಕಿಂತ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಇಲ್ಲ.

ಪರೀಕ್ಷೆ

ಪರೀಕ್ಷೆಗೆ ಪ್ರೈಮ್95, ಓಸಿಸಿಟಿ, ಸಿನಿಬೆಂಚ್ ಸಾಕು. ಅಂಕಿ ನೋಡಲು ಎಚ್‌ಡಬ್ಲ್ಯೂಇನ್ಫೋ. ಪ್ರೈಮ್95ರ ಸಣ್ಣ ಎಫ್‌ಎಫ್‌ಟಿ ಪರೀಕ್ಷೆ ನಿತ್ಯದ ಯಾವ ಕೆಲಸಕ್ಕಿಂತಲೂ ಹೆಚ್ಚು ಕಾಯಿಸುತ್ತದೆ, ಅದನ್ನು ನೋಡಿ ಹೆದರಬೇಕಿಲ್ಲ. ವೋಲ್ಟೇಜ್ ಇಳಿಸಿದವರು ಮಾತ್ರ ಭಾರದ ಪರೀಕ್ಷೆಯನ್ನಷ್ಟೇ ನಂಬಬಾರದು: ಹಗುರ ಕೆಲಸದಲ್ಲಿ, ಒಂದೇ ಕೋರ್ ಮೇಲಕ್ಕೆ ಜಿಗಿಯುವಾಗ ಕುಸಿತ ಕಾಣಿಸಿಕೊಳ್ಳುತ್ತದೆ. ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುವ ಕೋರ್‌ಸೈಕ್ಲರ್ ಇದಕ್ಕೆಂದೇ ಇದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ ಎಂಬ ಹಾರ್ಡ್‌ವೇರ್ ದೋಷಗಳು ದಾಖಲಾಗಿದ್ದರೆ ಯಂತ್ರ ನಿಂತಿಲ್ಲದಿದ್ದರೂ ಸೆಟ್ಟಿಂಗ್ ಗಟ್ಟಿಯಿಲ್ಲ ಎಂದೇ ತಿಳಿಯಬೇಕು.

ಕೊನೆಯ ಪರೀಕ್ಷೆಯನ್ನು ಏಪ್ರಿಲ್ ಕೊನೆಯ ಒಂದು ರಾತ್ರಿ, ಸ್ಲ್ಯಾಬ್ ಬಿಸಿಯಾಗಿರುವಾಗ, ಏರ್ ಕೂಲರ್ ಆರಿಸಿ ಅರ್ಧ ಗಂಟೆ ಮಾಡಿ. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ, ಕೂಲರ್ ನಿಂತಿರುತ್ತದೆ; ಆ ಸ್ಥಿತಿಯ ನಕಲು ಇದು. ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡ್ರೈವಿನಲ್ಲಿ ತೆಗೆದಿಟ್ಟುಕೊಂಡೇ ಇದಕ್ಕೆ ಕೈಹಾಕಬೇಕು. ಅಸ್ಥಿರ ಪ್ರೊಸೆಸರ್ ನೀಲಿ ಪರದೆ ತೋರಿಸದೆಯೂ ಕಡತದೊಳಗೆ ತಪ್ಪು ಬರೆಯಬಲ್ಲದು, ಮದುವೆ ವಿಡಿಯೊ ಹೋದರೆ ಮದುವೆಯನ್ನು ಮತ್ತೆ ಮಾಡಿಸಲಾಗದು.

ಬಿಲ್ಲು

ನಮ್ಮ ಉದಾಹರಣೆಯ ಓವರ್‌ಕ್ಲಾಕ್ ಹೆಚ್ಚಿಗೆ ತಿಂದದ್ದು 52 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಭಾರದಲ್ಲಿ ಓಡಿದರೆ ತಿಂಗಳಿಗೆ ಆರು ಯೂನಿಟ್ಟಿಗಿಂತ ತುಸು ಹೆಚ್ಚು. ಮೇಲ್ನೋಟಕ್ಕೆ ಏನೂ ಅಲ್ಲ. ಆದರೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಪಡೆದ ಗೃಹಜ್ಯೋತಿಯ ನಿಯಮ ನೆನಪಿರಲಿ: ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇಕಡ 10 ಕೂಡಿಸಿದಷ್ಟು ಮಾತ್ರ ಉಚಿತ, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರು, ಫ್ರಿಜ್ಜು, ಫ್ಯಾನು ಸೇರಿ 195ಕ್ಕೆ ಬಂದು ನಿಂತ ಮನೆಯಲ್ಲಿ ಆ ಆರು ಯೂನಿಟ್ಟಿನ ಬೆಲೆ ಇಡೀ 201 ಯೂನಿಟ್ಟಿನ ಬಿಲ್ಲು. ವೋಲ್ಟೇಜ್ ಇಳಿಸಿ 140 ವ್ಯಾಟನ್ನು 122ಕ್ಕೆ ತಂದವರಿಗೆ ಅದೇ ಬಳಕೆಯಲ್ಲಿ ತಿಂಗಳಿಗೆ ಎರಡು ಯೂನಿಟ್ ಉಳಿಯುತ್ತದೆ.